ಮಧುರೆಯಲ್ಲಿ ಮರಳಿ ಬರುವ ಬೆಳಕು

ದಕ್ಷಿಣದ ಯಾತ್ರೆಗೆ ಹೊರಟ ಕನ್ನಡಿಗರು ಮಧುರೆಯನ್ನು ನೋಡದೆ ಮುಂದೆ ಹೋಗುವುದು ಅಪರೂಪ. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದವರು ಹೊಸೂರು, ಧರ್ಮಪುರಿ, ಸೇಲಂಗಳನ್ನು ನಿದ್ದೆಯಲ್ಲಿಯೇ ದಾಟಿ, ನಸುಕಿನಲ್ಲಿ ದಿಂಡಿಗಲ್ಲಿನ ಬಂಡೆಕೋಟೆಯ ಬಳಿ ಕಣ್ಣು ತೆರೆಯುವರು. ಅಲ್ಲಿಂದ ಮುಂದೆ ಒಂದು ಗಂಟೆಯ ಪಯಣ. ಬಯಲಿನ ಅಂಚಿನಲ್ಲಿ ಗೋಪುರಗಳ ತಲೆ ಕಾಣಿಸಿದೊಡನೆ ಹಿರಿಯರು ಕೈಜೋಡಿಸುವರು. ಕಿರಿಯರು ಕಾಫಿಯವನನ್ನು ಕೂಗುವರು.

ಊರಿನ ನಡುವೆ ಗುಡಿ. ಗುಡಿಯ ಸುತ್ತ ಒಂದರ ಹೊರಗೊಂದರಂತೆ ಚೌಕವಾಗಿ ಹಬ್ಬಿದ ಬೀದಿಗಳು. ಆಡಿ, ಚಿತ್ತಿರೈ, ಆವಣಿ ಮೂಲ, ಮಾಸಿ ಎಂದು ಆ ಬೀದಿಗಳಿಗೆ ತಮಿಳು ತಿಂಗಳುಗಳ ಹೆಸರು. ಬೆಳಗಾಗುವುದರೊಳಗೆ ಮಲ್ಲಿಗೆಯ ಬುಟ್ಟಿಗಳು ಬಂದು ಬೀದಿಯೆಲ್ಲ ಕಂಪಿಡುವುದು. ಮಧುರೆಯ ಮಲ್ಲಿಗೆಯ ಮೊಗ್ಗು ದಪ್ಪ, ಎಸಳು ಗಟ್ಟಿ. ಸಂಜೆಯವರೆಗೂ ಬಾಡದೆಂದು ಅದಕ್ಕೆ ಹೆಸರು. ಗುಡಿಯ ಹದಿನಾಲ್ಕು ಗೋಪುರಗಳಲ್ಲಿ ದಕ್ಷಿಣದ್ದೇ ಎಲ್ಲಕ್ಕಿಂತ ಎತ್ತರ, ಸುಮಾರು 170 ಅಡಿ. ಈ ನಗರಕ್ಕೂ ಕನ್ನಡ ನಾಡಿಗೂ ಹಳೆಯ ನಂಟು ಉಂಟು. ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣನು ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ದಂಡೆತ್ತಿ ಬಂದು ಗೆದ್ದ ಕಥೆಯನ್ನು ಆತನ ರಾಣಿ ಗಂಗಾದೇವಿಯು 'ಮಧುರಾವಿಜಯ'ವೆಂಬ ಸಂಸ್ಕೃತ ಕಾವ್ಯವಾಗಿ ಬರೆದಿಟ್ಟಿರುವಳು.

ಈ ಊರಿನ ಅಧಿದೇವತೆಯ ಹೆಸರೇ ಕಣ್ಣಿನ ಮೇಲೆ ನಿಂತಿರುವುದು. ಮೀನಾಕ್ಷಿ ಎಂದರೆ ಮೀನಿನಂತಹ ಕಣ್ಣುಳ್ಳವಳು. ಮೀನು ತನ್ನ ಮೊಟ್ಟೆಗಳನ್ನು ಹಕ್ಕಿಯಂತೆ ಕಾವು ಕೊಟ್ಟು ಮರಿಮಾಡುವುದಿಲ್ಲ, ನೋಟದಿಂದಲೇ ಮರಿಮಾಡುವುದೆಂದು ನಂಬಿಕೆ. ಹಾಗೆಯೇ ತಾಯಿ ಬರಿಯ ನೋಟದಿಂದ ಭಕ್ತರನ್ನು ಪೊರೆಯುವಳು ಎಂದು ಭಾವಿಕರು ಅರ್ಥ ಹೇಳುವರು. ಕನ್ನಡದಲ್ಲಿ ಈ 'ಪೊರೆ' ಎಂಬ ಮಾತಿಗೆ ಎರಡು ಅರ್ಥ. ಕಾಪಾಡು ಎಂಬುದು ಒಂದು. ಇನ್ನೊಂದು, ಮುಪ್ಪಿನಲ್ಲಿ ಕಣ್ಣಿಗೆ ಕವಿಯುವ ಪೊರೆ. ಮಧುರೆಗೆ ಬರುವ ಜನರಲ್ಲಿ ಹಲವರು ಮೊದಲನೆಯದನ್ನು ಬೇಡಲು ಗುಡಿಗೆ ಹೋದರೆ, ಮತ್ತೆ ಹಲವರು ಎರಡನೆಯದನ್ನು ಕಳೆದುಕೊಳ್ಳಲು ವೈಗೈ ನದಿಯನ್ನು ದಾಟಿ ಉತ್ತರಕ್ಕೆ ಹೋಗುವರು. ಎರಡು ಕಡೆಗೂ ಹೋಗುವವರು ಬಹಳ ಮಂದಿ.

ನದಿಯ ಆಚೆಗೆ

ವೈಗೈಯಲ್ಲಿ ವರ್ಷದ ಬಹುಭಾಗ ನೀರಿಗಿಂತ ಮರಳೇ ಹೆಚ್ಚು. ಸೇತುವೆ ದಾಟಿದರೆ ರಾಣಿ ಮಂಗಮ್ಮಾಳಳ ಹಳೆಯ ಅರಮನೆಯಲ್ಲಿ 1959ರಲ್ಲಿ ಸ್ಥಾಪಿತವಾದ ಗಾಂಧಿ ಸ್ಮಾರಕ ಸಂಗ್ರಹಾಲಯವಿರುವುದು. ಮಹಾತ್ಮರು 1921ರ ಸೆಪ್ಟೆಂಬರಿನಲ್ಲಿ ಅಂಗಿ ಪೇಟಗಳನ್ನು ಬಿಟ್ಟು ತುಂಡು ಪಂಚೆಯನ್ನು ಉಟ್ಟುದು ಇದೇ ಮಧುರೆಯಲ್ಲಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಅಣ್ಣಾನಗರ. ಅಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ.

ಬೆಳಗಿನ ಏಳು ಗಂಟೆಗೆ ಅದರ ಮುಂದಿನ ಬೀದಿಯನ್ನು ನೋಡಿದವರಿಗೆ ಜಾತ್ರೆಯ ನೆನಪಾಗುವುದು. ಆಟೋರಿಕ್ಷಾಗಳಿಂದ ಇಳಿಯುವ ಮುದುಕರು, ಅವರ ಕೈಹಿಡಿದ ಮೊಮ್ಮಕ್ಕಳು, ಇಡ್ಲಿಯ ಡಬ್ಬಿ ಹಿಡಿದ ಸೊಸೆಯರು. ಹಳ್ಳಿಗಳ ಶಿಬಿರಗಳಿಂದ ಜನರನ್ನು ಕರೆತರುವ ಬಸ್ಸುಗಳು ಬೇರೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಇಳಿಯುವ ಆ ಜನರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿದು ಬಾಳಿದವರು.

ಬಾಗಿದ ಬೆರಳುಗಳ ವೈದ್ಯ

ಈ ಆಸ್ಪತ್ರೆಯನ್ನು ಕಟ್ಟಿದವರ ಕಥೆ ತಿಳಿಯದೆ ಇದನ್ನು ನೋಡಿದರೆ ನೋಡಿದಂತಾಗದು. ಡಾಕ್ಟರ್ ಜಿ. ವೆಂಕಟಸ್ವಾಮಿಯವರು 1918ರಲ್ಲಿ ವಡಮಲಾಪುರವೆಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಸೈನ್ಯದ ವೈದ್ಯ ಪಡೆಯನ್ನು ಸೇರಿದರು. ಹೆರಿಗೆಯ ವೈದ್ಯರಾಗಬೇಕೆಂಬುದು ಅವರ ಬಯಕೆಯಾಗಿತ್ತು. ಆದರೆ ಮೂವತ್ತರ ಹರೆಯದಲ್ಲಿ ಕೀಲುವಾತವು ಅವರನ್ನು ಹಾಸಿಗೆಗೆ ಕೆಡವಿತು. ಬೆರಳುಗಳು ಸೊಟ್ಟಗಾಗಿ, ಲೇಖನಿಯನ್ನು ಹಿಡಿಯುವುದೂ ಕಷ್ಟವಾಯಿತು. ಎದ್ದು ನಡೆಯುವಂತಾದ ಮೇಲೆ ಅವರು ಹೆರಿಗೆಯ ವೈದ್ಯವನ್ನು ಬಿಟ್ಟು ಕಣ್ಣಿನ ವೈದ್ಯವನ್ನು ಆರಿಸಿಕೊಂಡರು. ಅತಿ ಸೂಕ್ಷ್ಮವಾದ ಕೆಲಸವನ್ನು ಬಾಗಿದ ಬೆರಳುಗಳಿಂದಲೇ ಮಾಡಲು ಕಲಿತು, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣಿನ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು.

ಸರಕಾರದ ಸೇವೆಯಿಂದ ನಿವೃತ್ತರಾದ 1976ರಲ್ಲಿ, ಇತರರು ವಿಶ್ರಾಂತಿಯನ್ನು ಬಯಸುವ 58ನೆಯ ವಯಸ್ಸಿನಲ್ಲಿ, ಅವರು ಹನ್ನೊಂದು ಹಾಸಿಗೆಗಳ ಪುಟ್ಟ ಆಸ್ಪತ್ರೆಯನ್ನು ತೆರೆದರು. ಶ್ರೀ ಅರವಿಂದರ ಅನುಯಾಯಿಯಾದುದರಿಂದ ಆ ಹೆಸರನ್ನೇ ಇಟ್ಟರು. ಮನೆಯನ್ನು ಅಡವಿಟ್ಟರು, ಒಡಹುಟ್ಟಿದವರು ಆಭರಣಗಳನ್ನು ಒತ್ತೆಯಿಟ್ಟರು. ತಂಗಿ, ಭಾವಮೈದುನ, ಸೋದರ ಎಲ್ಲರೂ ಕೆಲಸಕ್ಕೆ ನಿಂತರು. ವೆಂಕಟಸ್ವಾಮಿಯವರು 2006ರಲ್ಲಿ ತೀರಿಕೊಂಡರು. ಹನ್ನೊಂದು ಹಾಸಿಗೆಗಳಿಂದ ಆರಂಭವಾದುದು ಅಷ್ಟರಲ್ಲಿ ಲೋಕದ ಅತಿ ದೊಡ್ಡ ಕಣ್ಣಿನ ಆಸ್ಪತ್ರೆಗಳ ಸಾಲಿಗೆ ಸೇರಿತ್ತು.

ಇಲ್ಲಿಯ ಲೆಕ್ಕಾಚಾರ ಸರಳ. ಹಣ ಕೊಡಬಲ್ಲವರು ಕೊಡುವರು, ಕೊಡಲಾರದವರಿಗೆ ಉಚಿತ. ಯಾರು ಬಡವರೆಂದು ಪ್ರಮಾಣಪತ್ರವನ್ನು ಕೇಳುವ ಪದ್ಧತಿಯಿಲ್ಲ. ಯಾವ ಬಾಗಿಲಿನಿಂದ ಒಳಹೋಗಬೇಕೆಂಬುದನ್ನು ರೋಗಿಯೇ ಆರಿಸಿಕೊಳ್ಳಬಹುದು. ಕೊಠಡಿಯ ಅನುಕೂಲಗಳಲ್ಲಿ ವ್ಯತ್ಯಾಸವುಂಟು. ವೈದ್ಯರು ಮಾತ್ರ ಎರಡು ಕಡೆಗೂ ಸರದಿಯಂತೆ ಹೋಗುವ ಅವರೇ.

ಕನ್ನಡಿಗರಿಗೆ ಇಂತಹ ಸೇವೆಯ ಪರಿಚಯ ಹೊಸದಲ್ಲ. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ನೇತ್ರಶಿಬಿರಗಳನ್ನು ನಡೆಸಿದುದನ್ನು ಕಂಡ ಹಿರಿಯರು ಇನ್ನೂ ಇರುವರು. ಒಂದೇ ದಿನದಲ್ಲಿ 833 ಜನರ ಪೊರೆ ತೆಗೆದ ಅವರ ಸಾಧನೆ ಗಿನ್ನೆಸ್ ದಾಖಲೆಗಳಲ್ಲಿ ಸೇರಿರುವುದು. ಅವರು 2005ರಲ್ಲಿ ಕಾಲವಾದರು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಾದರೋ 1913ರಿಂದ ಇಂದಿನ ತನ್ನ ಕಟ್ಟಡದಲ್ಲಿ ನಡೆದು ಬಂದಿರುವುದು. ಆದುದರಿಂದ ಪೊರೆ ತೆಗೆಸಲು ಮಧುರೆಗೇ ಹೋಗಬೇಕೆಂದಿಲ್ಲ. ಆದರೆ ಇದೊಂದು ಚಿಕಿತ್ಸೆಯು ಹೇಗೆ ನಡೆಯುವುದು, ರೋಗಿಯು ಅದಕ್ಕೆ ಹೇಗೆ ಸಿದ್ಧನಾಗಬೇಕು, ಆಮೇಲೆ ಹೇಗೆ ಚೇತರಿಸಿಕೊಳ್ಳಬೇಕು ಎಂಬುದನ್ನು ಅರಿಯಲು ಈ ಊರಿಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಮರಳಿನ ಚೀಲಗಳ ಕಾಲ

ಇಲ್ಲಿಯ ಬೆಂಚಿನ ಮೇಲೆ ಕುಳಿತ ಒಬ್ಬ ವೃದ್ಧೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಶಿವಮೊಗ್ಗೆಯ ಕಡೆಯವಳು, ವಯಸ್ಸು ಅರವತ್ತೆಂಟು. ಬ್ಯಾಂಕಿನ ಕೆಲಸದ ಮೇಲೆ ಮಧುರೆಗೆ ವರ್ಗವಾದ ಮಗನ ಮನೆಗೆ ಬಂದವಳು. ಎರಡು ವರ್ಷಗಳಿಂದ ಆಕೆಯ ಕಣ್ಣು ಮಸಕಾಗುತ್ತ ಬಂದಿರುವುದು. ಆದರೆ ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಿಂದ ತಡವಿ ಆರಿಸುವಳು. ನಾಣ್ಯಗಳನ್ನು ಅಂಚು ಮುಟ್ಟಿ ಗುರುತಿಸುವಳು. ಮೆಟ್ಟಿಲಿನ ಅಂಚನ್ನು ಕಾಲಿನಿಂದ ಹುಡುಕಿ ಇಳಿಯುವಳು. ಮೊಮ್ಮಗಳು ಚಿತ್ರ ಬರೆದು ತಂದು ತೋರಿಸಿದಾಗ, "ಆನೆ ಬಹಳ ಚೆನ್ನಾಗಿದೆ ಮಗು" ಎಂದಳು. ಆ ಮಗು ಬರೆದುದು ತೇರಿನ ಚಿತ್ರ. ಮನೆಯವರಿಗೆ ವಿಷಯ ತಿಳಿದುದು ಅಂದು.

"ದೀಪಾವಳಿ ಕಳೆಯಲಿ" ಎಂದಳು. ದೀಪಾವಳಿ ಕಳೆಯಿತು. "ಸಂಕ್ರಾಂತಿ ಆಗಲಿ" ಎಂದಳು. ಸಂಕ್ರಾಂತಿಯೂ ಆಯಿತು. "ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ನೋಡೋಣ" ಎಂಬುದು ಮೂರನೆಯ ನೆಪ.

ಆಕೆಯ ಭಯಕ್ಕೆ ಕಾರಣವಿಲ್ಲದಿಲ್ಲ. ಆಕೆಯ ತಂದೆಗೆ ಪೊರೆ ತೆಗೆದ ಕಾಲವೇ ಬೇರೆ. ಅಂದು ಪೊರೆಗಟ್ಟಿದ ಮಸೂರವನ್ನು ದೊಡ್ಡ ಗಾಯ ಮಾಡಿ ಇಡಿಯಾಗಿ ಹೊರತೆಗೆಯುತ್ತಿದ್ದರು. ಗಾಯವು ಬಿಚ್ಚಿಕೊಳ್ಳಬಾರದೆಂದು ಕಣ್ಣುಗಳಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಬದಿಗೂ ಮರಳಿನ ಚೀಲಗಳನ್ನಿಟ್ಟು, ದಿನಗಟ್ಟಲೆ ಅಲುಗಾಡದೆ ಮಲಗಿಸುತ್ತಿದ್ದರು. ಕೆಮ್ಮು ಬಂದರೆ ಭಯ, ಸೀನು ಬಂದರೆ ಭಯ. ಆಮೇಲೆ ಉಳಿದ ಬಾಳಿಗೆಲ್ಲ ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ಲೋಟವು ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣಿಸುವುದು. ಕೈ ಚಾಚಿದರೆ ಕಾಫಿ ಚೆಲ್ಲುವುದು.

ಸುಶ್ರುತನ ಹೆಸರಿನಲ್ಲಿರುವ ಸಂಹಿತೆಯಲ್ಲಿಯೂ ಪೊರೆಯ ಚಿಕಿತ್ಸೆಯುಂಟು. ಅಲ್ಲಿ ಮಸೂರವನ್ನು ಹೊರತೆಗೆಯುವುದಿಲ್ಲ. ಸಲಾಕೆಯಿಂದ ನೋಟದ ದಾರಿಯಿಂದ ಪಕ್ಕಕ್ಕೆ ಸರಿಸುವುದು. ಪೊರೆಯನ್ನು ಹೊರತೆಗೆಯುವ ಕ್ರಮವನ್ನು ಫ್ರಾನ್ಸಿನ ಜಾಕ್ ದಾವಿಯೆಲನು ಹದಿನೆಂಟನೆಯ ಶತಮಾನದ ನಡುವೆ ನೆಲೆಗೊಳಿಸಿದನು. ಆದರೆ ತೆಗೆದ ಮಸೂರದ ಸ್ಥಳದಲ್ಲಿ ಬೇರೊಂದನ್ನು ಇಡುವ ಉಪಾಯವು ದೊರೆತುದು ಎರಡನೆಯ ಮಹಾಯುದ್ಧದಿಂದ. ವಿಮಾನದ ಗಾಜಿನಂತಹ ಪ್ಲಾಸ್ಟಿಕ್ ಮುಚ್ಚಳವು ಒಡೆದು ಅದರ ಚೂರುಗಳು ಚಾಲಕರ ಕಣ್ಣಿನಲ್ಲಿ ಸಿಕ್ಕಿದರೂ ಕಣ್ಣು ಅವುಗಳನ್ನು ಸಹಿಸಿಕೊಂಡುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಗಮನಿಸಿದರು. ಅದೇ ವಸ್ತುವಿನಿಂದ ಮಸೂರವನ್ನು ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯ ಕಣ್ಣಿನೊಳಗಿಟ್ಟರು.

ಆ ಮಸೂರವು ಬಹುಕಾಲ ಭಾರತದ ಬಡವರ ಕೈಗೆ ಎಟುಕುವಂತಿರಲಿಲ್ಲ. ಹೊರದೇಶದಿಂದ ಬರುತ್ತಿದ್ದ ಒಂದೊಂದಕ್ಕೂ ನೂರು ಡಾಲರಿನ ಆಸುಪಾಸಿನ ಬೆಲೆ. ಅರವಿಂದ ಸಂಸ್ಥೆಯವರು 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆಯನ್ನು ಮಧುರೆಯಲ್ಲಿಯೇ ಸ್ಥಾಪಿಸಿ ಮಸೂರಗಳನ್ನು ತಯಾರಿಸತೊಡಗಿದರು. ಬೆಲೆಯು ಹತ್ತು ಡಾಲರಿನ ಸುತ್ತಿಗೆ ಇಳಿಯಿತು. ಹಳ್ಳಿಯ ಮುದುಕಿಯ ಕಣ್ಣಿಗೂ ಸೋಡಾಬುಡ್ಡಿಯ ಅಗತ್ಯ ತಪ್ಪಿತು.

ಹಣ್ಣಾಗುವವರೆಗೆ ಕಾಯುವ ಮಾತೂ ಹಳೆಯ ಕಾಲದ್ದೇ. ಇಂದು ಪೊರೆಯಿಂದ ದಿನದ ಕೆಲಸಕ್ಕೆ ಅಡ್ಡಿಯಾದರೆ ಸಾಕು, ತೆಗೆಯಬಹುದು. ಅತಿಯಾಗಿ ಕಾದರೆ ಮಸೂರವು ಕಲ್ಲಿನಂತೆ ಗಟ್ಟಿಯಾಗಿ ಕೆಲಸ ಕಠಿನವಾಗುವುದು. ಉಬ್ಬಿ ಕಣ್ಣಿನ ಒತ್ತಡವನ್ನು ಏರಿಸುವುದೂ ಉಂಟು. ಆಗ ನರಕ್ಕೆ ಪೆಟ್ಟು ತಗುಲಿ, ಕಳೆದುಕೊಂಡ ದೃಷ್ಟಿ ಪೊರೆ ತೆಗೆದರೂ ಬಾರದು. ಕಣ್ಣು ಕಾಣದೆ ಮುದುಕರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವೂ ಇದ್ದೇ ಇರುವುದು.

ಸಿದ್ಧತೆಯ ದಿನಗಳು

ಮೊದಲನೆಯ ದಿನವೆಲ್ಲ ಪರೀಕ್ಷೆಯೇ. ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ ಸಾಲಾಗಿ ಕೂರಿಸುವರು. ಅಂದು ಕೆಲವು ಗಂಟೆಗಳ ಕಾಲ ಬೆಳಕು ಕಣ್ಣಿಗೆ ಚುಚ್ಚುವುದು. ಕಣ್ಣಿನ ಒತ್ತಡ, ರಕ್ತದ ಒತ್ತಡ, ರಕ್ತದಲ್ಲಿನ ಸಕ್ಕರೆ ಇವುಗಳನ್ನು ನೋಡುವರು. ಕಣ್ಣೀರಿನ ನಾಳವು ತೆರೆದಿದೆಯೇ ಎಂದು ನೀರು ಹಾಯಿಸಿ ಪರೀಕ್ಷಿಸುವರು. ಅಲ್ಲಿ ಕೀವು ನಿಂತಿದ್ದರೆ ಕಣ್ಣಿನೊಳಕ್ಕೆ ನಂಜು ಹೋದೀತೆಂಬ ಎಚ್ಚರ. ಒಳಗಿಡಬೇಕಾದ ಮಸೂರದ ಶಕ್ತಿಯನ್ನು ಗೊತ್ತುಮಾಡಲು ಕಣ್ಣಿನ ಉದ್ದವನ್ನೂ ಮುಂಭಾಗದ ಬಾಗನ್ನೂ ಅಳೆಯುವರು.

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆ ಬರುವುದು: ಕನ್ನಡಕವಿಲ್ಲದೆ ದೂರದ್ದು ಕಾಣಬೇಕೋ, ಹತ್ತಿರದ್ದು ಕಾಣಬೇಕೋ? ಸಾಮಾನ್ಯವಾಗಿ ಇಡುವ ಮಸೂರದಿಂದ ಎರಡೂ ಒಟ್ಟಿಗೆ ಆಗದು. ಹೆಚ್ಚಿನವರು ದೂರವನ್ನು ಆರಿಸಿಕೊಂಡು ಓದಲು ಕನ್ನಡಕವನ್ನು ಧರಿಸುವರು. ವೃದ್ಧೆಯು ಬಹಳ ಹೊತ್ತು ಆಲೋಚಿಸಿದಳು. ಅಕ್ಕಿ ಆರಿಸುವುದಕ್ಕೆ ಹತ್ತಿರದ್ದು ಬೇಕು; ಬೀದಿಯಲ್ಲಿ ಬರುವವರ ಮುಖ ಗುರುತಿಸಲು ದೂರದ್ದು. ಕೊನೆಗೆ, "ಅಕ್ಕಿಗೆ ಕನ್ನಡಕ ಹಾಕಿಕೊಳ್ಳುತ್ತೇನಪ್ಪಾ, ಮನುಷ್ಯರಿಗೆ ಬೇಡ" ಎಂದಳು. ಸೊಸೆಯು ಅದನ್ನು ತನ್ನ ಅರೆಬರೆ ತಮಿಳಿನಲ್ಲಿ ಹೇಳಿದಳು.

ರೋಗಿಯು ಮುಚ್ಚುಮರೆಯಿಲ್ಲದೆ ತಿಳಿಸಬೇಕಾದ ಸಂಗತಿಗಳುಂಟು. ಸಕ್ಕರೆ ಕಾಯಿಲೆ, ಹೃದ್ರೋಗ, ಹಿಂದೆ ಯಾವುದಾದರೂ ಮದ್ದು ಒಗ್ಗದಿದ್ದುದು, ರಕ್ತವನ್ನು ತೆಳ್ಳಗಿಡುವ ಮಾತ್ರೆ, ಇವನ್ನು ಹೇಳಲೇಬೇಕು. ಗಂಡಸರು ಮೂತ್ರದ ತೊಂದರೆಗೆ ತೆಗೆದುಕೊಳ್ಳುವ ಟಾಮ್ಸುಲೋಸಿನ್ ಎಂಬ ಮಾತ್ರೆಯಿಂದ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಪಾಪೆಯ ಸುತ್ತಣ ಪರದೆಯು ಸಡಿಲವಾಗಿ ಅಲುಗಾಡುವುದು. ಮೊದಲೇ ತಿಳಿದಿದ್ದರೆ ವೈದ್ಯರು ಅದಕ್ಕೆ ತಕ್ಕಂತೆ ಸಿದ್ಧರಾಗಿರುವರು. ಯಾವ ಮಾತ್ರೆಯನ್ನೂ ತಾನಾಗಿಯೇ ನಿಲ್ಲಿಸುವುದು ತರವಲ್ಲ.

ಮನೆಯಲ್ಲಿ ಮಾಡಬೇಕಾದುದು ಹೆಚ್ಚೇನಿಲ್ಲ. ಮುಂದೆ ಕೆಲವು ದಿನ ತಲೆಗೆ ನೀರು ಹಾಕಿಕೊಳ್ಳುವಂತಿಲ್ಲವಾದುದರಿಂದ ಹಿಂದಿನ ದಿನವೇ ಎರೆದುಕೊಳ್ಳುವುದು ಒಳ್ಳೆಯದು. ಅಂದಿನಿಂದ ಕಾಡಿಗೆ ಬೇಡ, ಪೌಡರು ಬೇಡ, ತಲೆಗೆ ಎಣ್ಣೆ ಬೇಡ. ಪುಡಿ ಕುಂಕುಮವೂ ಕೆಲವು ದಿನ ಬೇಡವೆಂದಾಗ ವೃದ್ಧೆಯು ಸ್ವಲ್ಪ ಕಳವಳಗೊಂಡಳು. ಅಂಟಿಸುವ ಬೊಟ್ಟಿಗೆ ಒಪ್ಪಿದಳು. ಬೆಳಗಿನ ತಿಂಡಿಯ ವಿಚಾರದಲ್ಲಿ ಆಯಾ ಆಸ್ಪತ್ರೆಯವರು ಹೇಳಿದಂತೆ ನಡೆಯಬೇಕು. ಇಡೀ ದೇಹಕ್ಕೆ ಮತ್ತು ಬರಿಸದೆ ಕಣ್ಣಿಗೆ ಮಾತ್ರ ಮದ್ದು ಕೊಡುವುದರಿಂದ ಹಲವೆಡೆ ಹಗುರವಾದ ಆಹಾರಕ್ಕೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯವರು ಅಂದಿನ ಮಾತ್ರೆ, ಇನ್ಸುಲಿನ್ನುಗಳನ್ನು ಕುರಿತು ಮೊದಲೇ ಕೇಳಿಕೊಂಡಿರಬೇಕು. ಹಿಂದಿರುಗುವಾಗ ಜೊತೆಗೆ ಒಬ್ಬರು ಇರಲೇಬೇಕು.

ಅತ್ತಿತ್ತಲಿನ ಎರಡು ಮೇಜುಗಳು

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎರಡು ಮೇಜುಗಳು, ನಡುವೆ ಒಬ್ಬ ವೈದ್ಯರು. ಒಂದು ಮೇಜಿನ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದರ ಮೇಲೆ ಮುಂದಿನ ರೋಗಿಯು ಸಿದ್ಧವಾಗಿರುವುದು. ವೈದ್ಯರು ಸೂಕ್ಷ್ಮದರ್ಶಕವನ್ನು ಇತ್ತಕಡೆಗೆ ತಿರುಗಿಸಿಕೊಂಡು ಮತ್ತೆ ಆರಂಭಿಸುವರು. ಸಲಕರಣೆಗಳನ್ನು ಕೈಗೆ ನೀಡುವವರು, ರೋಗಿಯನ್ನು ಕರೆತರುವವರು, ಹನಿ ಹಾಕುವವರು ಬಹುಪಾಲು ಹಳ್ಳಿಗಳಿಂದ ಬಂದು ಇಲ್ಲಿಯೇ ತರಬೇತಿ ಪಡೆದ ಹೆಣ್ಣುಮಕ್ಕಳು. ಈ ಏರ್ಪಾಡಿನಿಂದಲೇ ಒಬ್ಬ ವೈದ್ಯನು ಒಂದು ದಿನದಲ್ಲಿ ಬಹಳ ಜನರಿಗೆ ದೃಷ್ಟಿ ಕೊಡಲು ಸಾಧ್ಯವಾಗಿರುವುದು. ನೋಡುವವರಿಗೆ ಕಾರ್ಖಾನೆಯ ನೆನಪು ಬಂದೀತು. ಆದರೆ "ಪಾಟಿ, ಹೆದರಬೇಡಿ" ಎಂದು ಕೈಹಿಡಿದು ನಡೆಸುವ ಆ ಹುಡುಗಿಯರ ಹಿಡಿತದಲ್ಲಿ ಕಾರ್ಖಾನೆಯ ಗಡಸುತನವಿಲ್ಲ. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ.

ವೃದ್ಧೆಯ ಹೆಸರನ್ನೂ ಯಾವ ಕಣ್ಣೆಂಬುದನ್ನೂ ಹಲವು ಸಲ ಕೇಳಿದರು. "ಇವರಿಗೆ ಮರೆವೇ?" ಎಂದು ಆಕೆಗೆ ಅನುಮಾನ. ಅದು ಮರೆವಲ್ಲ, ಎಚ್ಚರ. ಕಣ್ಣಿನ ಮೇಲ್ಭಾಗಕ್ಕೆ ಗುರುತು ಮಾಡಿ, ಕಣ್ಣಿನ ಸುತ್ತ ಕಂದುಬಣ್ಣದ ಅಯೋಡಿನ್ ದ್ರಾವಣ ಹಚ್ಚಿ ಶುಚಿ ಮಾಡಿದರು. ಮರಗಟ್ಟುವ ಮದ್ದನ್ನು ಕೆಲವರಿಗೆ ಹನಿಯಾಗಿ, ಕೆಲವರಿಗೆ ಕಣ್ಣಿನ ಪಕ್ಕದಲ್ಲಿ ಸೂಜಿಯಿಂದ ಕೊಡುವರು. ಆಕೆಗೆ ಸೂಜಿ. ಇರುವೆ ಕಚ್ಚಿದಂತೆ ಒಂದು ನೋವು, ಆಮೇಲೆ ಭಾರ.

ರೋಗಿಗೆ ಎಚ್ಚರವಿರುವುದೆಂಬುದೇ ಹಲವರ ಭಯದ ಮೂಲ. ಕತ್ತಿ ಕಣ್ಣಿನತ್ತ ಬರುವುದನ್ನು ಕಾಣಬೇಕಾದೀತೇ ಎಂದು ಅವರು ಕೇಳುವರು. ಹಾಗೇನೂ ಕಾಣಿಸದು. ಮುಖದ ಮೇಲೆ ಬಟ್ಟೆ; ಕಣ್ಣಿರುವ ಕಡೆ ಮಾತ್ರ ತೆರವು. ಪ್ರಖರವಾದ ಬೆಳಕು, ನೀರಿನೊಳಗಿನಿಂದ ನೋಡಿದಂತೆ ಅಲುಗಾಡುವ ಬಣ್ಣಗಳು, ಇಷ್ಟೇ. ಮಾತುಗಳೂ ಯಂತ್ರದ ಸದ್ದೂ ಕಿವಿಗೆ ಬೀಳುವುವು. ತಲೆ ಅಲ್ಲಾಡಿಸಬಾರದು, ಕೆಮ್ಮು ಬರುವಂತಿದ್ದರೆ ಮೊದಲೇ ಬಾಯಿಬಿಟ್ಟು ಹೇಳಬೇಕು.

ಗಾಯವೂ ಹಿಂದಿನಂತೆ ದೊಡ್ಡದಲ್ಲ. ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು 1967ರಲ್ಲಿ ಆರಂಭಿಸಿದ ಕ್ರಮದಲ್ಲಿ, ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಪೊರೆಯನ್ನು ಒಳಗೇ ಕರಗಿಸಿ ಹೀರಿಬಿಡುವರು. ಮೂರು ಮಿಲಿಮೀಟರಿನಷ್ಟು ದಾರಿ ಅದಕ್ಕೆ ಸಾಕು. ಮಡಿಸಿದ ಮಸೂರವನ್ನು ಅದೇ ದಾರಿಯಿಂದ ಒಳಕ್ಕೆ ಬಿಟ್ಟರೆ ಅದು ಅಲ್ಲಿ ಅರಳಿಕೊಳ್ಳುವುದು. ಗಟ್ಟಿಯಾದ ಪೊರೆಗೆ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇನ್ನೊಂದು ಕ್ರಮ. ಅದರಲ್ಲಿ ಆರೇಳು ಮಿಲಿಮೀಟರಿನ ಓರೆಯಾದ ಸುರಂಗದಂತಹ ದಾರಿಯನ್ನು ಮಾಡಿ ಪೊರೆಯನ್ನು ಕೈಯಿಂದಲೇ ಹೊರತೆಗೆಯುವರು. ಒಳಗಿನ ಒತ್ತಡಕ್ಕೆ ಆ ದಾರಿಯು ತಾನಾಗಿಯೇ ಮುಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ಹೊಲಿಗೆ ಬೇಡ, ವೆಚ್ಚವೂ ಕಡಿಮೆ. ಎರಡರಲ್ಲಿಯೂ ಕೆಲಸ ಹೆಚ್ಚಾಗಿ ಹತ್ತಿಪ್ಪತ್ತು ನಿಮಿಷದ್ದು.

ವೃದ್ಧೆಯು ವಿಷ್ಣುಸಹಸ್ರನಾಮವನ್ನು ಮನಸ್ಸಿನಲ್ಲಿ ಆರಂಭಿಸಿದ್ದಳು. ಅದು ಮುಗಿಯುವ ಮೊದಲೇ ಬಟ್ಟೆ ತೆಗೆದು, ಕಣ್ಣಿಗೆ ಕಾಪನ್ನು ಕಟ್ಟಿ, "ಆಯಿತು ಪಾಟಿ" ಎಂದರು. ಉಳಿದ ನಾಮಗಳನ್ನು ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತು ಮುಗಿಸಿದಳು. ಶಿಬಿರದಿಂದ ಬಂದವರು ಊರು ದೂರವಾದುದರಿಂದ ರಾತ್ರಿ ಆಸ್ಪತ್ರೆಯಲ್ಲಿಯೇ ತಂಗುವರು. ಊರಿನಲ್ಲಿಯೇ ಮನೆಯಿರುವ ಆಕೆಯಂತಹವರು ಅಂದೇ ಮನೆಗೆ. ಸಂಜೆಗೆ ಆಕೆ ಮಗನ ಮನೆಯ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದಳು.

ಮನೆಗೆ ಬಂದ ಮೇಲೆ

ಕೆಲಸವು ಸುಲಭವಾಗಿ ಮುಗಿದುದರಿಂದಲೇ ಒಂದು ಅಪಾಯವುಂಟು. ರೋಗಿಯು ಅದನ್ನು ಮರೆತುಬಿಡುವನು. ಮೊದಲನೆಯ ದಿನ ಮರಳು ಸಿಕ್ಕಿದಂತೆ ಕರಕರ ಎನಿಸುವುದು, ನೀರು ಸುರಿಯುವುದು, ತುಸು ಮಸಕಾಗಿರುವುದು ಸಹಜ. ಉಜ್ಜಬೇಕೆನಿಸುವುದೂ ಸಹಜವೇ, ಆದರೆ ಉಜ್ಜಬಾರದು. ನಿದ್ದೆಯಲ್ಲಿ ಕೈ ತಾನಾಗಿ ಹೋಗುವುದೆಂದೇ ಮೊದಲ ವಾರ ರಾತ್ರಿ ಕಣ್ಣಿಗೆ ಕಾಪು ಕಟ್ಟಿಕೊಂಡು ಮಲಗಬೇಕು.

ಮಾರನೆಯ ದಿನದ ತಪಾಸಣೆಯನ್ನು ತಪ್ಪಿಸುವಂತಿಲ್ಲ. ನಂಜಾಗದಂತೆಯೂ ಊತ ಇಳಿಯುವಂತೆಯೂ ಕೊಡುವ ಹನಿಗಳನ್ನು ನಾಲ್ಕರಿಂದ ಆರು ವಾರಗಳವರೆಗೆ, ಹೇಳಿದ ಕ್ರಮದಲ್ಲಿ ಕಡಿಮೆ ಮಾಡುತ್ತ ಹಾಕಬೇಕು. ಹಾಕುವವರು ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಸೀಸೆಯ ತುದಿಯು ಕಣ್ಣಿಗಾಗಲಿ ರೆಪ್ಪೆಗಾಗಲಿ ತಗುಲಬಾರದು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಕೊಳದ ಸ್ನಾನ, ಒಲೆಯ ಹೊಗೆ, ಭಾರದ ಕೊಡ, ಧೂಳಿನ ಪ್ರಯಾಣ ಇವೆಲ್ಲವೂ ಕೆಲವು ವಾರ ದೂರವಿರಲಿ. ಮುಖವನ್ನು ಒದ್ದೆ ಬಟ್ಟೆಯಿಂದ ಒರಸಿಕೊಳ್ಳಬಹುದು. ಓದುವುದರಿಂದಾಗಲಿ, ದೂರದರ್ಶನ ನೋಡುವುದರಿಂದಾಗಲಿ ಕಣ್ಣಿಗೆ ಕೇಡಿಲ್ಲ. ಪಥ್ಯವೆಂದು ಸಪ್ಪೆಯೂಟ ಮಾಡಬೇಕಾಗಿಯೂ ಇಲ್ಲ.

ಎಚ್ಚರಿಕೆಯ ಒಂದು ಮಾತನ್ನು ಮನೆಯವರೆಲ್ಲರೂ ನೆನಪಿಡಬೇಕು. ದಿನದಿಂದ ದಿನಕ್ಕೆ ಕಣ್ಣು ಸುಧಾರಿಸಬೇಕು. ಅದರ ಬದಲು ನೋವು ಹೆಚ್ಚುತ್ತಿದ್ದರೆ, ಕೆಂಪು ಏರುತ್ತಿದ್ದರೆ, ಕೀವು ಬಂದರೆ, ಕಂಡ ದೃಷ್ಟಿ ಮತ್ತೆ ಮಂದವಾದರೆ, ಮಿಂಚು ಹೊಳೆದಂತಾಗಿ ಪರದೆ ಇಳಿದಂತೆ ಕಂಡರೆ, ನಾಳೆಗೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇಂತಹುದು ಅಪರೂಪ, ಆದರೆ ಬಂದಾಗ ಗಂಟೆಗಳಿಗೂ ಬೆಲೆಯುಂಟು. ವಯಸ್ಸಾದವರು ಮಗನಿಗೆ ರಜೆಯಿಲ್ಲವೆಂದೋ, ರಾತ್ರಿ ಯಾರನ್ನು ಎಬ್ಬಿಸಲೆಂದೋ ನೋವನ್ನು ನುಂಗಿಕೊಳ್ಳುವರು. ಆದುದರಿಂದ ಅವರಾಗಿ ಹೇಳುವರೆಂದು ಕಾಯದೆ ದಿನವೂ ಕೇಳುವುದು ಮನೆಯವರ ಕೆಲಸ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಸಕಾಗುವುದೂ ಉಂಟು. ಅದು ಪೊರೆ ಮರಳಿ ಬಂದುದಲ್ಲ, ಮಸೂರದ ಹಿಂದಿನ ತೆಳುಪದರ ಮಬ್ಬಾದುದು. ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಸರಿಪಡಿಸುವರು.

ಪಟ್ಟಿ ಬಿಚ್ಚಿದ ದಿನ ವೃದ್ಧೆಯು ಹೆಚ್ಚು ಮಾತಾಡಲಿಲ್ಲ. ಗೋಡೆಯನ್ನು ನೋಡಿ, "ಯಾವಾಗ ಸುಣ್ಣ ಹೊಡೆಸಿದಿರಿ?" ಎಂದಳು. ಯಾರೂ ಹೊಡೆಸಿರಲಿಲ್ಲ. ಪೊರೆಗಟ್ಟಿದ ಮಸೂರವು ಹಳದಿಯ ಗಾಜಿನಂತೆ. ವರ್ಷಗಟ್ಟಲೆ ಅದರ ಮೂಲಕ ನೋಡಿದವರಿಗೆ ಬಿಳುಪು ಎಂದರೆ ಏನೆಂಬುದೇ ಮರೆತಿರುವುದು. ನೀಲಿಯು ಕಪ್ಪಿಗೆ ತಿರುಗಿರುವುದು. ಕಪ್ಪೆಂದೇ ತಿಳಿದು ಮಂಗಳಕಾರ್ಯಗಳಿಗೆ ಉಡದೆ ಬಿಟ್ಟಿದ್ದ ಒಂದು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದರೆ, ಅದು ನವಿಲಿನ ಕೊರಳಿನ ಬಣ್ಣ. ಮಗನನ್ನು ಹತ್ತಿರ ಕರೆದು, ತಲೆಯ ಮೇಲೆ ಕೈಯಾಡಿಸಿ, "ನಿನಗೂ ಇಷ್ಟು ನೆರೆತಿದೆಯಲ್ಲೋ" ಎಂದಳು. ಎರಡು ವರ್ಷಗಳಲ್ಲಿ ಮಗನ ಕೂದಲು ಬೆಳ್ಳಗಾದುದನ್ನು ಆಕೆ ಕಂಡಿರಲಿಲ್ಲ. ಕನ್ನಡಿಯನ್ನು ಕೇಳಿ ತನ್ನ ಮುಖವನ್ನೂ ನೋಡಿಕೊಂಡಳು. ನೋಡಿ ಕನ್ನಡಿಯನ್ನು ಕೆಳಗಿಟ್ಟು, "ಸಾಕು" ಎಂದಳು.

ಗುಡಿಯ ದಾರಿ

ಹನಿಗಳು ಮುಗಿದು, ಓದುವ ಕನ್ನಡಕ ಬಂದ ಮೇಲೆ, ಜನಸಂದಣಿ ಕಡಿಮೆಯಿರುವ ಒಂದು ಬೆಳಗ್ಗೆ ಮನೆಯವರು ಆಕೆಯನ್ನು ಗುಡಿಗೆ ಕರೆದೊಯ್ದರು. ಹಿಂದೊಮ್ಮೆ ಬಂದಾಗ ಆಕೆ ಗರ್ಭಗುಡಿಯ ಮುಂದೆ ಕೈಮುಗಿದುದು ದೀಪದ ಸುತ್ತಲಿನ ಒಂದು ಮಬ್ಬು ಬೆಳಕಿಗೆ. ಈ ಸಲ ದೇವಿಯ ಕೈಯಲ್ಲಿನ ಗಿಳಿಯೂ ಕಾಣಿಸಿತು. ಹೊರಗೆ ಪೊಟ್ರಾಮರೈ ಕೊಳದ ಮೆಟ್ಟಿಲುಗಳನ್ನು ಆಕೆ ಕಾಲಿನಿಂದ ತಡವದೆ ಇಳಿದಳು. ಸೊಸೆ ಕೈಹಿಡಿಯಲು ಬಂದರೆ, "ಮಗುವನ್ನು ಹಿಡಿದುಕೋ, ನನಗೆ ಕಾಣುತ್ತದೆ" ಎಂದಳು.

ಸಂಜೆಯ ಹೊತ್ತಿಗೆ ಆಸ್ಪತ್ರೆಯ ಬೀದಿಯಲ್ಲಿ ಶಿಬಿರದ ಬಸ್ಸುಗಳು ಹಿಂದಿರುಗಲು ಸಿದ್ಧವಾಗುವುವು. ಮೊನ್ನೆ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಇಳಿದವರು ಕರಿಯ ಕನ್ನಡಕ ಧರಿಸಿ, ತಮ್ಮ ತಮ್ಮ ಗಂಟನ್ನು ತಾವೇ ಹಿಡಿದು ಹತ್ತುವರು. ಕಿಟಕಿಯ ಪಕ್ಕದ ಸ್ಥಳಕ್ಕೆ ಅವರಲ್ಲಿ ಸ್ವಲ್ಪ ಜಗಳವೂ ಆಗುವುದುಂಟು. ಮಧುರೆಗೆ ಬರುವಾಗ ಕಿಟಕಿಯನ್ನು ಯಾರೂ ಕೇಳಿರುವುದಿಲ್ಲ.

ವೃದ್ಧೆಯ ಇನ್ನೊಂದು ಕಣ್ಣಿನಲ್ಲಿಯೂ ಪೊರೆಯಿತ್ತು. ಅದಕ್ಕೆ ದಿನವನ್ನು ಗೊತ್ತುಮಾಡುವಾಗ ಮಗನು ಪಂಚಾಂಗವನ್ನು ಮುಂದಿಟ್ಟುಕೊಂಡು, ಯಾವ ಹಬ್ಬವನ್ನು ಅಡ್ಡ ತರುವಳೋ ಎಂದು ಕಾದು ಕುಳಿತನು. ಆಕೆ ಕೇಳಿದುದು ಒಂದೇ ಮಾತು:

"ಸೋಮವಾರವೇ ಆಗುವುದಿಲ್ಲವೇನಪ್ಪಾ?"